ಕುಕ್ಕರಿಗೆ ಕೊಳವೆ, ಕಾಫಿಗೆ ನೊರೆ: ಅಡುಗೆಮನೆಯಲ್ಲಿ ಅಪಾಯದ ಆಟ

ಕೆಲಮಂಗಲ: ಮದುವೆ ಊಟ ಮುಗಿಸಿ ಕೈ ತೊಳೆದು ಬಂದವರು ಮೊದಲು ಕಣ್ಣು ಹಾಯಿಸೋದು ಬೀಡಾ ತಟ್ಟೆ ಕಡೆಗಲ್ಲ, ಎಕ್ಸ್‌ಪ್ರೆಸ್ಸೋ ಕಾಫಿ ಮೆಷಿನ್ ಎಲ್ಲಿದೆ ಅಂತ. ಕೊಳವೆಯಿಂದ 'ಸುಯ್' ಎಂದು ಆವಿ ಹೊರಟು, ಜಗ್ಗಿನಲ್ಲಿದ್ದ ಹಾಲು ಉಕ್ಕಿ ನೊರೆಯಾಗಿ, ಮೇಲೆ ಚಿಟಿಕೆ ಕಾಫಿ ಪುಡಿ ಉದುರಿಸಿ ಕೊಟ್ಟರೆ ಹುಡುಗರಿಂದ ಮುದುಕರವರೆಗೆ ಎಲ್ಲರೂ ಸಾಲಲ್ಲಿ ನಿಲ್ಲುತ್ತಾರೆ. ಕೆಲಮಂಗಲ, ದೇಂಕಣಿಕೋಟೆ, ಹೊಸೂರು ಭಾಗದ ರಿಸೆಪ್ಷನ್‌ಗಳಲ್ಲಿ ಈ ಮೆಷಿನ್ ಇಲ್ಲದಿದ್ದರೆ ಬೀಗರ ಕಡೆಯವರು ಮುಖ ದಪ್ಪ ಮಾಡಿಕೊಳ್ಳುವುದೂ ಉಂಟು.

ಅದೇ ಕಾಫಿ ಮನೆಯಲ್ಲೂ ಬೇಕು ಎನ್ನುವಲ್ಲಿಂದ ತೊಂದರೆ ಶುರು. ಕುಕ್ಕರಿನ ವೆಯಿಟ್ ತೆಗೆದು, ಅದು ಕೂರುವ ನಳಿಗೆಗೆ ರಬ್ಬರ್ ಕೊಳವೆ ಸಿಕ್ಕಿಸಿ, ಮೇಲೊಂದು ಕ್ಲಿಪ್ ಬಿಗಿದು, ಇನ್ನೊಂದು ತುದಿಯನ್ನು ಹಾಲಿಗೆ ಅದ್ದುವ ಪ್ರಯೋಗ ಅದು. ಮೊಬೈಲ್ ವೀಡಿಯೋ ನೋಡಿ ಮಾಡುವವರಿದ್ದಾರೆ. ಮೊದಲ ಸಲ ಕಾಫಿ ಚೆನ್ನಾಗಿಯೇ ಬರುತ್ತದೆ. ಅಪಾಯ ಇರೋದೇ ಅಲ್ಲಿ.

ಮೊದಲ ದಿನ ಕಾಫಿ ಆದ ಮೇಲೆ ಒಲೆ ಆರಿಸುತ್ತಾರೆ, ಕೊಳವೆ ಹಾಲಿನಲ್ಲೇ ಇರುತ್ತದೆ. ಕುಕ್ಕರ್ ತಣ್ಣಗಾದಂತೆ ಒಳಗಿನ ಆವಿ ಮತ್ತೆ ನೀರಾಗಿ ನಿರ್ವಾತ ಉಂಟಾಗುತ್ತದೆ. ಆಗ ಅದು ಹಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಕೊಳವೆಯಲ್ಲಿ, ನಳಿಗೆಯ ಸಣ್ಣ ತೂತಿನಲ್ಲಿ ಆ ಹಾಲು ಒಣಗಿ ಗಟ್ಟಿಯಾಗುತ್ತದೆ. ತೊಳೆದರೂ ಹೊರಗಿನ ಭಾಗ ಮಾತ್ರ ಶುಚಿಯಾಗುತ್ತದೆ. ನಾಲ್ಕಾರು ಸಲ ಹೀಗಾದರೆ ಆವಿಗೆ ದಾರಿಯೇ ಇಲ್ಲ. ಇತ್ತ ವೆಯಿಟ್ ಇಲ್ಲದ್ದರಿಂದ ವಿಶಲ್ ಕೂಗಿ ಎಚ್ಚರಿಸುವುದೂ ಇಲ್ಲ.

ಕುಕ್ಕರಿನೊಳಗೆ ಸಾಮಾನ್ಯವಾಗಿ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕೆಜಿಯಷ್ಟು ಹೆಚ್ಚುವರಿ ಒತ್ತಡ ಇರುತ್ತದೆ. ಇಷ್ಟೇನಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ: 20 ಸೆಂ.ಮೀ. ಅಗಲದ ಮುಚ್ಚಳವೆಂದರೆ 314 ಚದರ ಸೆಂ.ಮೀ. ಅಂದರೆ ಮುಚ್ಚಳವನ್ನು ಒಳಗಿನಿಂದ ಮೂರು ಕ್ವಿಂಟಾಲ್ ರಾಗಿ ಮೂಟೆಯಷ್ಟು ಭಾರ ನೂಕುತ್ತಿರುತ್ತದೆ. ಇದು ಎಲ್ಲ ಸರಿಯಿದ್ದಾಗಿನ ಲೆಕ್ಕ. ತೂತು ಮುಚ್ಚಿದರೆ ಇದು ಏರುತ್ತಲೇ ಹೋಗುತ್ತದೆ.

ಒಳಗಿನ ನೀರೂ 100 ಡಿಗ್ರಿಯಲ್ಲಿ ನಿಂತಿರುವುದಿಲ್ಲ, 120ಕ್ಕೆ ಹತ್ತಿರ ಇರುತ್ತದೆ. ಮುಚ್ಚಳ ಹಾರಿದರೆ ಒಂದು ಲೀಟರ್ ನೀರಿನಲ್ಲಿ ನಾಲ್ಕು ಚಮಚದಷ್ಟು ತಕ್ಷಣ ಆವಿಯಾದರೂ ಸಾಕು, ಸುಮಾರು 60 ಲೀಟರ್ ಆವಿ ಮುಖಕ್ಕೆ ಬಡಿಯುತ್ತದೆ. ಉಳಿದ ಕುದಿನೀರು ಬೇರೆ.

ಆಗ ಕಾಪಾಡಬೇಕಾದ್ದು ಸೇಫ್ಟಿ ವಾಲ್ವ್ ಮತ್ತು ಗ್ಯಾಸ್ಕೆಟ್. ಕುಕ್ಕರ್ ತಯಾರಿಕೆ ನಮ್ಮ ಕಡೆಯವರಿಗೆ ಹೊಸದೇನಲ್ಲ. ಹೊಸೂರಿನ ಸಿಪ್‌ಕಾಟ್‌ನಲ್ಲೇ ಟಿಟಿಕೆ ಪ್ರೆಸ್ಟೀಜ್ ಕಂಪನಿಯ ಕಾರ್ಖಾನೆ ಇದೆ. 2025ರಲ್ಲಿ ನಿಧನರಾದ ಆ ಕಂಪನಿಯ ಟಿ.ಟಿ. ಜಗನ್ನಾಥನ್ ಸ್ವತಃ ಎಂಜಿನಿಯರ್. ಅಂಗಡಿಯಲ್ಲಿ ಸಿಗುವ ನಕಲಿ ಬಿಡಿಭಾಗ ಹಾಕಿದ ಕುಕ್ಕರ್‌ಗಳು ಸಿಡಿಯುತ್ತಿದ್ದುದನ್ನು ಕಂಡು, ಒತ್ತಡ ಮೀರಿದರೆ ಗ್ಯಾಸ್ಕೆಟ್ ಒಂದು ಕಡೆ ಹೊರಬಂದು ಆವಿ ಬಿಡುವ ಏರ್ಪಾಡು ಮಾಡಿದವರು ಅವರು. ಆದರೆ ಹಳೇ ವಾಲ್ವ್ ಜಾಗಕ್ಕೆ ಸಿಕ್ಕಿದ್ದು ಹಾಕಿ, ಗ್ಯಾಸ್ಕೆಟ್ ಸಡಿಲ ಅಂತ ಅದಕ್ಕೆ ದಾರ ಸುತ್ತಿ ಬಳಸಿದರೆ ಯಾವ ಎಂಜಿನಿಯರ್ ತಾನೆ ಏನು ಮಾಡ್ಯಾನು?

ಕಾನೂನೂ ಅಡುಗೆಮನೆಯೊಳಕ್ಕೆ ಬರುವುದಿಲ್ಲ. 25 ಲೀಟರಿಗಿಂತ ಕಡಿಮೆ ಹಿಡಿಯುವ ಪಾತ್ರೆ ಬಾಯ್ಲರ್ ಕಾಯ್ದೆಗೆ ಒಳಪಡೋಲ್ಲ. 2021ರ ಫೆಬ್ರವರಿಯಿಂದ ಮನೆಬಳಕೆಯ ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯ. ಆ ಗುರುತು ಅಂಗಡಿಯಿಂದ ತಂದ ಕುಕ್ಕರಿಗೆ, ಕೊಳವೆ ಜೋಡಿಸಿದ ಕುಕ್ಕರಿಗಲ್ಲ.

ಇಷ್ಟೆಲ್ಲ ಖಟಪಟ ಮಾಡಿ ಸಿಗೋದು ನಿಜವಾದ ಎಸ್‌ಪ್ರೆಸೋ ಕೂಡ ಅಲ್ಲ. ಮದುವೆಮನೆಯಲ್ಲಿ ನಾವು ಕುಡಿಯುವುದು ಇನ್‌ಸ್ಟಂಟ್ ಪುಡಿ, ಸಕ್ಕರೆ ಬೆರೆಸಿ ಆವಿಯಲ್ಲಿ ನೊರೆ ಬರಿಸಿದ ಹಾಲು. ಇಟಲಿಯ ಎಸ್‌ಪ್ರೆಸೋ ಬೇರೆಯೇ. 90ರಿಂದ 96 ಡಿಗ್ರಿ ಬಿಸಿಯ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ನುಣ್ಣನೆ ಪುಡಿಯ ಮೂಲಕ ಅರ್ಧ ನಿಮಿಷದಲ್ಲಿ ಹಾಯಿಸುತ್ತಾರೆ. ಕುಕ್ಕರಿನಲ್ಲಿ ಒತ್ತಡ ಅದರ ಒಂಬತ್ತನೇ ಒಂದು ಭಾಗ, ಬಿಸಿ ಮಾತ್ರ ಜಾಸ್ತಿ. ಡಿಕಾಕ್ಷನ್ ಕಹಿಯಾಗಿ ಸೀದ ವಾಸನೆ ಹೊಡೆಯದೆ ಇನ್ನೇನಾಗುತ್ತೆ? ಟ್ಯೂರಿನ್ನಿನ ಆಂಜೆಲೊ ಮೊರಿಯೊಂಡೊ 1884ರಲ್ಲಿ, ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಮಾಡಿದ್ದು ಆವಿಯಿಂದ ನಡೆಯುವ ಮೆಷಿನ್‌ಗಳನ್ನೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಕಿಲ್ಲೆ ಗಾಜಿಯಾ ಕೈಹಿಡಿಕೆ, ಸ್ಪ್ರಿಂಗಿನಿಂದ ನೀರನ್ನು ಒತ್ತುವ ಮೆಷಿನ್ ತಂದರು. ಇಟಲಿಯವರೇ ಬಿಟ್ಟ ದಾರಿ ನಮ್ಮ ಗ್ಯಾಸ್ ಒಲೆ ಮೇಲೆ ಬಂದು ಕೂತಿದೆ.

ಇನ್ನು ದುಡ್ಡು ಕೊಟ್ಟು ನಿಜವಾದ ಮೆಷಿನ್ ತರಿಸಿಕೊಂಡವರದ್ದು ಬೇರೆ ಕತೆ. ಮನೆಯಲ್ಲಿರುವ ಫಿಲ್ಟರ್ ಕಾಫಿ ಪುಡಿಯನ್ನೇ ಅದಕ್ಕೆ ತುಂಬುತ್ತಾರೆ. ನಮ್ಮ ಪುಡಿಯಲ್ಲಿ ಚಿಕೋರಿ ಇರುತ್ತದಲ್ಲ, ಶೇ 49ರವರೆಗೆ ಬೆರೆಸಲು ಕಾನೂನಿನ ಒಪ್ಪಿಗೆಯೂ ಇದೆ. ಬಿಸಿನೀರು ಬಿದ್ದರೆ ಚಿಕೋರಿ ಅಂಟಂಟಾಗಿ ಜಾಲರಿಯನ್ನು ಕಟ್ಟಿಬಿಡುತ್ತದೆ. ನೀರು ಇಳಿಯೋದಿಲ್ಲ, ಒತ್ತಡ ಒಳಗೇ ಉಳಿಯುತ್ತದೆ. ಏನಾಯಿತೋ ನೋಡೋಣ ಅಂತ ಹಿಡಿಕೆ ತಿರುಗಿಸಿದವರ ಕೈಮೇಲೆ ಬಿಸಿ ಗಸಿ ಹಾರುತ್ತದೆ. ನೀರಿನ ಟ್ಯಾಂಕಿಗೇ ಹಾಲು ಸುರಿಯುವ ಮಹಾಶಯರೂ ಇದ್ದಾರೆ! ಮೆಷಿನ್ ಅಲ್ಲಿಗೆ ಮುಗೀತು ಅಂತಲೇ ಲೆಕ್ಕ. ಬೋರ್‌ವೆಲ್‌ನ ಗಡುಸು ನೀರು ಹಾಕಿದರೂ ಅಷ್ಟೆ, ಸುಣ್ಣ ಕಟ್ಟಿ ಸಣ್ಣ ದಾರಿಗಳು ಮುಚ್ಚುತ್ತವೆ. ಚಿಕೋರಿ ಇಲ್ಲದ ಪುಡಿ, ಫಿಲ್ಟರ್ ಆದ ನೀರು, ಹಿಡಿಕೆ ಬಿಚ್ಚುವ ಮುನ್ನ ಸ್ವಿಚ್ ಆರಿಸಿ ಒತ್ತಡ ಇಳಿಯುವವರೆಗೆ ಕಾಯುವ ತಾಳ್ಮೆ, ಇಷ್ಟು ಬೇಕು. ಆವಿ ಕೊಳವೆಯನ್ನು ಹಾಲಿನಿಂದ ತೆಗೆದ ತಕ್ಷಣ ಒದ್ದೆಬಟ್ಟೆಯಲ್ಲಿ ಒರೆಸಿ, ಒಂದು ಸಲ ಖಾಲಿ ಆವಿ ಬಿಡಬೇಕು.

ನೊರೆಯೇ ಬೇಕಿದ್ದರೆ ಡಬರಾ-ಲೋಟ ಇದೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ, ಕಾದ ಹಾಲು ಬೆರೆಸಿ, ಎತ್ತರದಿಂದ ನಾಲ್ಕು ಸಲ ಎತ್ತಿ ಹೊಯ್ದರೆ ಸಾಕು. ಪುಡಿಯಿಂದಲೇ ಮಾಡುವುದಾದರೆ ಇನ್‌ಸ್ಟಂಟ್ ಪುಡಿ, ಸಕ್ಕರೆ, ಒಂದು ಚಮಚ ನೀರು ಹಾಕಿ ಬೆಳ್ಳಗಾಗುವವರೆಗೆ ಚಮಚದಲ್ಲೇ ಕಲೆಸಿ, ಮೇಲೆ ಬಿಸಿ ಹಾಲು ಸುರಿಯಿರಿ. ಮದುವೆಮನೆ ರುಚಿಗೆ ಹತ್ತಿರ ಬರುತ್ತದೆ, ರಟ್ಟೆ ನೋವು ಬಿಟ್ಟರೆ ಬೇರೆ ಅಪಾಯವಿಲ್ಲ.

ಅಕಸ್ಮಾತ್ ಆವಿ ತಗುಲಿದರೆ ಹಲವು ಮನೆಗಳಲ್ಲಿ ಮಾಡುವಂತೆ ಇಂಕು, ಟೂತ್‌ಪೇಸ್ಟ್, ಕಾಫಿ ಪುಡಿ ಮೆತ್ತಬಾರದು. ಐಸ್ ಕೂಡ ಇಡಬಾರದು. ಊತ ಬರುವ ಮೊದಲೇ ಬಳೆ, ಉಂಗುರ ತೆಗೆದು, ಸುಟ್ಟ ಜಾಗದ ಮೇಲೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಬೊಬ್ಬೆ ಒಡೆಯದೆ ಶುಭ್ರ ಬಟ್ಟೆ ಸಡಿಲವಾಗಿ ಹೊದಿಸಬೇಕು. ಮುಖ, ಕಣ್ಣಿಗೆ ತಗುಲಿದ್ದರೆ ಅಥವಾ ಸುಟ್ಟಿರುವುದು ಮಕ್ಕಳಿಗಾದರೆ ಮನೆಮದ್ದು ಅಂತ ಕೂರದೆ 108ಕ್ಕೆ ಕರೆ ಮಾಡಬೇಕು.