ದೇವರು ತರ್ಕಕ್ಕೆ ಸಿಗಲ್ಲ ಅಂದವರು ರಾಮಾನುಜರು

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಬೋರ್ಡ್ ಮೇಲೆ ಗೀಚಿದ್ದನ್ನ ಇಲ್ಲಿ ಮಾತಲ್ಲೇ ಬಿಡಿಸಿದ್ದೀನಿ.

ಊರಿನ ಫ್ಯಾಮಿಲಿ ಗ್ರೂಪಲ್ಲಿ ಆಗಾಗ ಒಂದು ಫಾರ್ವರ್ಡ್ ಬರತ್ತೆ: ಗಡಿಯಾರ ಇದ್ದಮೇಲೆ ಅದನ್ನ ಮಾಡಿದವನು ಇರಲೇಬೇಕು, ಹಾಗಾದರೆ ಇಷ್ಟು ದೊಡ್ಡ ಜಗತ್ತಿಗೆ? ಅದೇ ದಿನ ಆಫೀಸ್ ಕ್ಯಾಂಟೀನಲ್ಲಿ ಒಬ್ಬ ಗೆಳೆಯ ಅಂತಾನೆ, "ಪುರಾವೆ ಇಲ್ಲದ್ದನ್ನ ನಂಬೋದು ಮೂಢನಂಬಿಕೆ ಕಣೋ." ಊರಿನ ಚಿಕ್ಕಪ್ಪ, ಹೈದರಾಬಾದಿನ ಗೆಳೆಯ, ಇಬ್ಬರಿಗೂ ಒಂದು ವಿಷಯದಲ್ಲಿ ಒಪ್ಪಿಗೆ ಇದೆ ನೋಡಿ. ದೇವರು ಅಂದರೆ ಸಾಬೀತು ಮಾಡಬೇಕಾದ ವಸ್ತು, ಆಗದಿದ್ದರೆ ಕೈಬಿಡಬೇಕು ಅನ್ನೋದು. ಈ ಒಪ್ಪಿಗೆಯನ್ನೇ ಪ್ರಶ್ನಿಸಿದ ಆಸ್ತಿಕರು ನಮ್ಮಲ್ಲಿದ್ದರು.

ಮೊದಲು ಸಾಬೀತು ಮಾಡ್ತೀವಿ ಅಂದವರ ಕಥೆ. ಸುಮಾರು ಸಾವಿರ ವರ್ಷದ ಹಿಂದೆ ಮಿಥಿಲೆಯಲ್ಲಿ ಉದಯನ ಅನ್ನೋ ನೈಯಾಯಿಕ 'ನ್ಯಾಯಕುಸುಮಾಂಜಲಿ' ಬರೆದ. ಇಡೀ ಗ್ರಂಥದ ಗುರಿ ಈಶ್ವರನ ಸಿದ್ಧಿ. ಅದರಲ್ಲಿ ವಾದಗಳು ಹಲವು, ಆದರೆ ಬೆನ್ನೆಲುಬು ಒಂದೇ: ಭೂಮಿ, ಮೊಳಕೆ ಇವೆಲ್ಲ ಕಾರ್ಯಗಳು, ಅಂದರೆ ಒಂದು ಕಾಲದಲ್ಲಿ ಇರದೆ ಆಮೇಲೆ ಆದಂಥವು. ಕಾರ್ಯಕ್ಕೆ ಕರ್ತ ಇರ್ತಾನೆ, ಮಡಕೆಗೆ ಕುಂಬಾರ ಇದ್ದ ಹಾಗೆ. ಆದ್ದರಿಂದ ಜಗತ್ತಿಗೂ ಕರ್ತ ಇದ್ದಾನೆ.

ಇದಕ್ಕೆ ಅತ್ಯಂತ ಚೂಪಾದ ಉತ್ತರ ಉದಯನನಿಗಿಂತ ಮುಂಚೆಯೇ ಬಂದಿತ್ತು. ಬೌದ್ಧ ತಾರ್ಕಿಕ ಧರ್ಮಕೀರ್ತಿ ಕೇಳಿದ: ಮಡಕೆ ಮಣ್ಣಿಂದ ಆದದ್ದು, ಅದಕ್ಕೆ ಕುಂಬಾರ ಇದ್ದಾನೆ, ಸರಿ. ಹುತ್ತವೂ ಮಣ್ಣಿಂದಲೇ ಆಗಿದೆ. ಅದನ್ನೂ ಕುಂಬಾರನೇ ಮಾಡಿದ ಅಂತೀರಾ? ಮೇಲ್ನೋಟದ ಹೋಲಿಕೆ ಸಾಲದು, ಯಾವ ಬಗೆಯ ವಸ್ತುವಿಗೆ ಕರ್ತ ಬೇಕಾಗಿದ್ದನ್ನ ನಾವು ನಿಜವಾಗಿ ನೋಡಿದ್ದೀವೋ ಆ ಬಗೆಗೆ ಮಾತ್ರ ನಿಯಮ ಅನ್ವಯಿಸತ್ತೆ. 11ನೇ ಶತಮಾನದಲ್ಲಿ ವಿಕ್ರಮಶಿಲೆಯ ರತ್ನಕೀರ್ತಿ ಇದೇ ಎಳೆ ಹಿಡಿದು 'ಈಶ್ವರಸಾಧನದೂಷಣ' ಅಂತ ಒಂದು ಪೂರ್ತಿ ಗ್ರಂಥ ಬರೆದ. ಹೆಸರಲ್ಲೇ ಜಗಳ ಇದೆ.

ನೈಯಾಯಿಕರೇನು ಸುಮ್ಮನಿರಲಿಲ್ಲ. ಕಾಡಲ್ಲಿ ಬೆಳೆದ ಹುಲ್ಲಿಗೆ ಕರ್ತ ಕಾಣಲ್ಲವಲ್ಲ ಅಂದರೆ, ಹುಲ್ಲು ಇನ್ನೂ ವಾದದಲ್ಲಿರೋ ವಸ್ತು, ಅದನ್ನ ನಮಗೆ ವಿರುದ್ಧವಾದ ಉದಾಹರಣೆ ಅಂತ ತರೋ ಹಾಗಿಲ್ಲ ಅಂತಾರೆ. ದೂರದ ಬೆಟ್ಟದಲ್ಲಿ ಹೊಗೆ ಕಾಣತ್ತೆ, ಬೆಂಕಿ ಕಾಣಲ್ಲ. ಅಷ್ಟಕ್ಕೇ ಹೊಗೆಗೆ ಬೆಂಕಿ ಬೇಕು ಅನ್ನೋ ನಿಯಮ ಬಿತ್ತು ಅಂತೀವಾ? ಉತ್ತರ ನ್ಯಾಯಬದ್ಧವಾಗೇ ಇದೆ. ಆದರೆ ನನ್ನ ಪ್ರಕಾರ ಇದಕ್ಕೆ ಅವರು ಕೊಟ್ಟ ಬೆಲೆ ದೊಡ್ಡದು. ಹುಲ್ಲು, ನದಿ, ಬೆಟ್ಟ ಎಲ್ಲವನ್ನೂ ವಾದದ ಒಳಕ್ಕೆ ಹಾಕಿದಮೇಲೆ, ನಿಯಮ ಕಲಿಯೋಕೆ ಉಳಿಯೋ ಡೇಟಾ ಮಡಕೆ, ಬಟ್ಟೆ, ಮನೆ ಅಷ್ಟೇ. ಮನುಷ್ಯ ಮಾಡಿದ್ದರ ಮೇಲಷ್ಟೇ ಟ್ರೈನ್ ಮಾಡಿದ ಮಾಡೆಲ್‌ಗೆ ನಕ್ಷತ್ರ ತೋರಿಸಿದರೂ ಅದು ಕುಂಬಾರನನ್ನೇ ಹುಡುಕತ್ತೆ.

ಇಲ್ಲಿ ನ್ಯಾಯದವರದೇ ಒಂದು ಸೊಗಸಾದ ಪರಿಕಲ್ಪನೆ ಬೇಕು: ಉಪಾಧಿ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹಸಿ ಕಟ್ಟಿಗೆ ಸೇರಿದರೆ ಮಾತ್ರ ಹೊಗೆ. ಆ ಹಸಿ ಕಟ್ಟಿಗೆಯೇ ಉಪಾಧಿ, ಅಂದರೆ ಕಾನ್ಫಿಗ್ ಫೈಲಲ್ಲಿ ಬರೆಯದೇ ಬಿಟ್ಟ ಡಿಪೆಂಡೆನ್ಸಿ. ನಿಮ್ಮ ಲ್ಯಾಪ್‌ಟಾಪಲ್ಲಿ ಕೋಡ್ ಓಡತ್ತೆ, ಪ್ರೊಡಕ್ಷನ್ನಲ್ಲಿ ಮಗುಚಿ ಬೀಳತ್ತೆ. ಕುಂಬಾರನ ನಿಯಮದಲ್ಲಿ ಹೀಗೆ ಅಡಗಿರೋದು ಯಾವುದು? ದೇಹ. ನಾವು ನೋಡಿದ ಪ್ರತಿಯೊಬ್ಬ ಕರ್ತನಿಗೂ ಕೈ ಇತ್ತು. ದೇಹ ಇಲ್ಲದ ಕರ್ತನಿಗೆ ಆ ನಿಯಮ ಹೇಗೆ ತಲುಪತ್ತೆ?

ಈಗ ರಾಮಾನುಜರು. ಬ್ರಹ್ಮಸೂತ್ರದ ಮೊದಲ ಅಧ್ಯಾಯದ ಮೂರನೇ ಸೂತ್ರಕ್ಕೆ 'ಶ್ರೀಭಾಷ್ಯ'ದಲ್ಲಿ ಅವರು ಬರೆದದ್ದನ್ನ ಹೆಸರು ಮುಚ್ಚಿಟ್ಟು ಓದಿದರೆ ಯಾರೋ ನಾಸ್ತಿಕ ಬರೆದದ್ದು ಅನ್ನಿಸತ್ತೆ. ಭೂಮಿ, ಸಮುದ್ರ ಎಲ್ಲ ಒಂದೇ ಸಲ ಹುಟ್ಟಿದವು ಅಂತ ಯಾರು ನೋಡಿದ್ದಾರೆ? ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಮಾಡಿರಬಹುದಲ್ಲ? ಪುಣ್ಯದಿಂದ ದೊಡ್ಡ ಶಕ್ತಿ ಪಡೆದ ಜೀವರೇ ಮಾಡಿರಬಹುದಲ್ಲ? ಕರ್ತನಿಗೆ ದೇಹ ಬೇಕಲ್ಲವಾ? ನಮ್ಮ ಭಾಷೆಯಲ್ಲಿ ಹೇಳೋದಾದರೆ, ಇಷ್ಟು ದೊಡ್ಡ ಕೋಡ್‌ಬೇಸ್ ಒಬ್ಬನೇ ಬರೆದ ಅಂತ ಯಾಕೆ ಅಂದುಕೋಬೇಕು? ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಇದೇ ಜಾತಿಯ ಆಕ್ಷೇಪ ಎತ್ತಿದ ಪುಸ್ತಕ ಅಚ್ಚಾಗಿದ್ದು 1779ರಲ್ಲಿ.

ಮೇಲುಕೋಟೆಯಲ್ಲಿ ಚೆಲುವನಾರಾಯಣನ ಸೇವೆ ನಡೆಸಿದ ಆಚಾರ್ಯರಿಗೆ ಇದ್ಯಾಕೆ ಬೇಕಿತ್ತು? ಕಾರಣ ಸರಳ. ತರ್ಕದಿಂದ ಸಿಗೋದು ಹೆಚ್ಚೆಂದರೆ ದೊಡ್ಡದೊಂದು ಕುಂಬಾರ. ಅವರ ನಾರಾಯಣ ಅವನಲ್ಲ. ಬ್ರಹ್ಮವನ್ನ ತಿಳಿಸೋ ಪ್ರಮಾಣ ಶಾಸ್ತ್ರ ಒಂದೇ ಅನ್ನೋದು ಅವರ ನಿಲುವು. ಉಡುಪಿಯ ಮಧ್ವರಿಗೂ ಅವರ ಬೇರೆ ಎಷ್ಟೋ ಮಾತು ಒಪ್ಪಿಗೆಯಾಗದಿದ್ದರೂ, ಬರೀ ಅನುಮಾನದಿಂದ ವಿಷ್ಣು ಸಿದ್ಧಿಸಲ್ಲ ಅನ್ನೋದರಲ್ಲಿ ಜಗಳ ಇಲ್ಲ. ವಿಜಯನಗರ ಕಾಲದ ವ್ಯಾಸತೀರ್ಥರು 'ತರ್ಕತಾಂಡವ'ದಲ್ಲಿ ನೈಯಾಯಿಕರನ್ನ ಅವರದೇ ಆಯುಧದಿಂದ ಎದುರಿಸಿದರು.

"ಹಾಗಾದರೆ ಕುರುಡು ನಂಬಿಕೆ ಅಂತಾಯ್ತಲ್ಲ" ಅಂತಾನೆ ಕ್ಯಾಂಟೀನ್ ಗೆಳೆಯ. ಅವನ ಹಿಂದೆ ಗಣಿತಜ್ಞ ಕ್ಲಿಫರ್ಡ್ ನಿಂತಿದ್ದಾನೆ. ಸಾಕಷ್ಟು ಪುರಾವೆ ಇಲ್ಲದೆ ನಂಬೋದು ನೈತಿಕವಾಗೇ ತಪ್ಪು ಅಂತ 1877ರಲ್ಲಿ ವಾದಿಸಿದವನು. ಆದರೆ ನಿಮ್ಮ ಹುಟ್ಟಿದ ದಿನ ನಿಮಗೆ ಹೇಗೆ ಗೊತ್ತು? ಅಮ್ಮ ಹೇಳಿದ್ದು. ಅದಕ್ಕೆ ಪುರಾವೆ ಕೇಳಿ ಆಮೇಲೆ ನಂಬಿದಿರಾ? ಇಲ್ಲ. ಜ್ಞಾನ ತನ್ನಷ್ಟಕ್ಕೇ ಪ್ರಮಾಣ, ಬಾಧಕ ಬಂದಾಗಷ್ಟೇ ಅಪ್ರಮಾಣ: ಇದು ಸ್ವತಃಪ್ರಾಮಾಣ್ಯ ಅನ್ನೋ ಸಿದ್ಧಾಂತ. ಬಾಧಕ ಅಂದರೇನು ಅಂತ ತಿಳೀಬೇಕಾದರೆ ನಮ್ಮ ಅಪ್ಪಂದಿರ ತಲೆಮಾರಿನ ದಾಖಲೆ ನೋಡಿ. ಎಷ್ಟು ಜನರ ಹುಟ್ಟಿದ ದಿನ ಜೂನ್ 1! ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದದ್ದು. ಅರ್ಧ ಕ್ಲಾಸಿಗೆ ಒಂದೇ ದಿನ ಅಂತ ಕಂಡ ಕ್ಷಣ ಆ ದಾಖಲೆ ಬಿದ್ದುಹೋಗತ್ತೆ, ಕಾಣೋವರೆಗೂ ನಂಬಿದವನು ಮೂರ್ಖನಲ್ಲ.

ಹಾಗಾಗಿ ಅಜ್ಜಿ ದಿನಾ ದೀಪ ಹಚ್ಚೋದನ್ನ ಅವಿವೇಕ ಅನ್ನೋಕೆ ನಾನು ತಯಾರಿಲ್ಲ. ಆಕೆಯ ಹತ್ರ ಗಡಿಯಾರದ ವಾದ ಇಲ್ಲ, ಬೇಕಾಗೂ ಇಲ್ಲ. ಆದರೆ ಪುಣೆಯ ಫ್ಲ್ಯಾಟಲ್ಲಿ ಕೂತ ನನಗೆ ಆ ಅನುಕೂಲ ಇಲ್ಲ. ಒಂದೇ ಅಪಾರ್ಟ್‌ಮೆಂಟಲ್ಲಿ ನಾಲ್ಕು ಧರ್ಮ, ನಾಲ್ಕು ಗ್ರಂಥ, ಒಂದು ಇನ್ನೊಂದನ್ನ ಅಲ್ಲಗಳೆಯತ್ತೆ. ನನಗೆ ಬಾಧಕ ಪಕ್ಕದ ಬಾಗಿಲಲ್ಲೇ ಇದೆ. ಈ ಗ್ರಂಥವೇ ಯಾಕೆ ಅನ್ನೋದಕ್ಕೆ ಉತ್ತರ ಹುಡುಕೋ ಕೆಲಸ ನನ್ನ ಮೇಲೆ ಬೀಳತ್ತೆ, ಶಾಸ್ತ್ರದಲ್ಲಿದೆ ಅಂದು ಮುಗಿಸೋಕೆ ಆಗಲ್ಲ.

ಇನ್ನೊಂದು ತೊಡಕೂ ಇದೆ. ಸ್ವತಃಪ್ರಾಮಾಣ್ಯವನ್ನ ಕಟ್ಟಿ ಬೆಳೆಸಿದವರು ಮೀಮಾಂಸಕರು. ವೇದದ ಒಂದಕ್ಷರವನ್ನೂ ಬಿಟ್ಟುಕೊಡದವರು. ಆದರೂ ಅವರ ದೊಡ್ಡ ಆಚಾರ್ಯ ಕುಮಾರಿಲ ಭಟ್ಟ, ಜಗತ್ತಿಗೆ ಸೃಷ್ಟಿಕರ್ತನೊಬ್ಬ ಇದ್ದಾನೆ ಅನ್ನೋದನ್ನ ಖಂಡಿಸಿದವನು. ಅದೇ ಗ್ರಂಥ, ಅಷ್ಟೇ ಶ್ರದ್ಧೆ, ಆದರೆ ಕರ್ತ ಇಲ್ಲ. ಮುಂದಿನ ವಾರದ ವಿಡಿಯೋ ಅವನ ಮೇಲೆ.