ಹುಟ್ಟು ಕೈಗೆ ಒಗ್ಗಬೇಕು

ಕುಂಚಾವರಂ ಕಾಡಿನ ಚಂದ್ರಂಪಳ್ಳಿ ಜಲಾಶಯದಂಥ ವಿಸ್ತಾರವಾದ ನೀರಿನಲ್ಲಿ ಕಯಾಕ್ ಎಂಬ ಕಿರುದೋಣಿಯನ್ನು ನಡೆಸಬಯಸುವವರು ಮೊದಲು ಹುಟ್ಟನ್ನು ಪರೀಕ್ಷಿಸುವುದು ಲೇಸು. ಹೋಗುವಾಗ ಹಿಂದಿನಿಂದ ನೂಕಿದ ಗಾಳಿಯೇ ಮರಳುವಾಗ ಇದಿರಾದೀತು. ಆಗ ದಡ ಮುಟ್ಟಿಸುವುದು ತೋಳಿನಲ್ಲಿ ಉಳಿದ ಕಸುವು.

ಈ ಹುಟ್ಟಿಗೆ ಎರಡು ತುದಿಯಲ್ಲಿಯೂ ಅಲಗುಂಟು. ಅದು ಗಿಡ್ಡವಾದರೆ ನೀರು ಮುಟ್ಟಲು ಮೈ ಬಾಗಿಸಬೇಕು. ಅತಿ ಉದ್ದವಾದರೆ ದೋಣಿಯ ಮೂತಿ ಅತ್ತಿತ್ತ ಹೊರಳುತ್ತದೆ. ಕಿರಿದಾದ ದೋಣಿಗೆ 210ರಿಂದ 220, ಅಗಲವಾದುದಕ್ಕೆ 230ರಿಂದ 240 ಸೆಂಟಿಮೀಟರು ವಾಡಿಕೆಯ ಅಳತೆ; ಎತ್ತರದ ಆಳಿಗೆ ತುಸು ಹೆಚ್ಚು. ಅಗಲವಾದ ಅಲಗು ವೇಗವನ್ನು ಕೊಟ್ಟರೂ ಭುಜವನ್ನು ಬೇಗ ದಣಿಸುತ್ತದೆ. ದೂರದ ಹಾದಿಗೆ ನೀಳವಾದ ಕಿರಿಯ ಅಲಗೇ ಹಿತ. ಗಂಟೆಯೊಂದಕ್ಕೆ ಸಾವಿರಕ್ಕೂ ಮಿಕ್ಕಿ ಎತ್ತಬೇಕಾದುದರಿಂದ ಹಗುರವಾದುದನ್ನೇ ಆರಿಸಿರಿ. ಹಿಡಿತವೂ ಸಡಿಲವಾಗಿರಲಿ, ಬಿಗಿಮುಷ್ಟಿಯಿಂದ ನೋಯುವುದು ಮಣಿಕಟ್ಟೇ ಹೊರತು ದೋಣಿಯೇನೂ ಮುಂದೆ ಸಾಗದು.