ಬೆಳಕು ಸೂಸುವ ಪ್ರದರ್ಶನ ಫಲಕಗಳ ಪಿಕ್ಸೆಲ್ ಮಂಡಲಗಳು: ಪೇಟೆಂಟ್ ಅರ್ಜಿಯ ಪರೀಕ್ಷಣೆ ಕುರಿತು ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಮೊಬೈಲ್ ದೂರವಾಣಿ, ದೂರದರ್ಶನ ಹಾಗೂ ಕೈಗಡಿಯಾರಗಳಲ್ಲಿ ಬಳಕೆಯಾಗುವ ಓಎಲ್‌ಇಡಿ ಫಲಕಗಳಿಗೆ ಸಂಬಂಧಿಸಿದ ಸಂಶೋಧನೆಯು ಇಂದು ಇಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಸಣ್ಣ ಉದ್ಯಮಗಳಲ್ಲಿಯೂ ನಡೆಯುತ್ತಿದೆ. ಈ ಕ್ಷೇತ್ರದಲ್ಲಿ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸುವವರು ಪರೀಕ್ಷಣೆಯ ಹಂತದಲ್ಲಿ ಎದುರಿಸುವ ತೊಂದರೆಗಳಿಗೆ ಅನೇಕ ವೇಳೆ ಆವಿಷ್ಕಾರದ ಕೊರತೆಯು ಕಾರಣವಾಗಿರುವುದಿಲ್ಲ. ಅರ್ಜಿ ಸಲ್ಲಿಸಿದ ದಿನದಂದು ವಿವರಣಾ ಪತ್ರದಲ್ಲಿ ಏನನ್ನು ಬರೆಯಲಾಗಿತ್ತು ಎಂಬುದೇ ನಿರ್ಣಾಯಕವಾಗುತ್ತದೆ. ಅಂದು ಬರೆಯದೆ ಬಿಟ್ಟದ್ದನ್ನು ಮುಂದೆ ಸೇರಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಈ ವಿಷಯವನ್ನು ಅರ್ಜಿದಾರರ ಗಮನಕ್ಕೆ ತರುವುದೇ ಈ ಪುಟದ ಉದ್ದೇಶವಾಗಿದೆ.

ಪೇಟೆಂಟ್ ನೀಡುವ ಅಧಿಕಾರವು ಕೇಂದ್ರ ಸರ್ಕಾರದ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಅಧೀನದಲ್ಲಿರುವ ಪೇಟೆಂಟ್ ಕಚೇರಿಗೆ ಮಾತ್ರ ಇರುತ್ತದೆ. ಸದರಿ ಕಚೇರಿಯು ಕೋಲ್ಕತ್ತಾ, ಚೆನ್ನೈ, ಮುಂಬೈ ಹಾಗೂ ದೆಹಲಿಗಳಲ್ಲಿ ಕಾರ್ಯ ನಿರ್ವಹಿಸುತ್ತಿದ್ದು, ಕರ್ನಾಟಕದ ಅರ್ಜಿದಾರರು ಚೆನ್ನೈ ಕಚೇರಿಯ ವ್ಯಾಪ್ತಿಗೆ ಒಳಪಡುತ್ತಾರೆ. ಅರ್ಜಿಯನ್ನು ಅಂತರ್ಜಾಲದ ಮೂಲಕವೇ ಸಲ್ಲಿಸಬಹುದಾದ್ದರಿಂದ ಚೆನ್ನೈಗೆ ಪ್ರಯಾಣ ಮಾಡುವ ಅವಶ್ಯಕತೆ ಇರುವುದಿಲ್ಲ.

2. ಪಿಕ್ಸೆಲ್ ಮಂಡಲ ಎಂದರೇನು?

ಪರದೆಯ ಮೇಲಿನ ಚಿತ್ರವು ಲಕ್ಷಾಂತರ ಬಿಂದುಗಳಿಂದ ಕೂಡಿರುತ್ತದೆ. ಓಎಲ್‌ಇಡಿ ಫಲಕದಲ್ಲಿ ಪ್ರತಿಯೊಂದು ಬಿಂದುವೂ ತಾನೇ ಬೆಳಕು ಸೂಸುತ್ತದೆ. ಆ ಬೆಳಕು ಎಷ್ಟಿರಬೇಕೆಂಬುದನ್ನು ಅದರ ಮೂಲಕ ಹರಿಯುವ ವಿದ್ಯುತ್ ಪ್ರವಾಹವು ನಿರ್ಧರಿಸುತ್ತದೆ. ಈ ಪ್ರವಾಹವನ್ನು ನಿಯಂತ್ರಿಸಲು ಪ್ರತಿ ಬಿಂದುವಿನ ಹಿಂದೆ ಇರುವ ಟ್ರಾನ್ಸಿಸ್ಟರ್ ಹಾಗೂ ಕೆಪಾಸಿಟರ್‌ಗಳ ಜೋಡಣೆಯೇ ಪಿಕ್ಸೆಲ್ ಮಂಡಲ.

ಅತ್ಯಂತ ಸರಳವಾದ ಮಂಡಲದಲ್ಲಿ 2 ಟ್ರಾನ್ಸಿಸ್ಟರ್ ಮತ್ತು 1 ಕೆಪಾಸಿಟರ್ ಇರುತ್ತವೆ. ಮೊದಲನೆಯ ಟ್ರಾನ್ಸಿಸ್ಟರ್ ಸ್ವಿಚ್ಚಿನಂತೆ ತೆರೆದುಕೊಂಡು ಚಿತ್ರದ ಮಾಹಿತಿಯನ್ನು ವೋಲ್ಟೇಜ್ ರೂಪದಲ್ಲಿ ಒಳಗೆ ಬಿಡುತ್ತದೆ. ಕೆಪಾಸಿಟರ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡನೆಯದಾದ ಚಾಲಕ ಟ್ರಾನ್ಸಿಸ್ಟರ್ ಆ ವೋಲ್ಟೇಜಿಗೆ ಅನುಗುಣವಾಗಿ ಪ್ರವಾಹವನ್ನು ಹರಿಸುತ್ತದೆ. ಅಮೆರಿಕದ ವೆಸ್ಟಿಂಗ್‌ಹೌಸ್ ಪ್ರಯೋಗಾಲಯದಲ್ಲಿ ಪೀಟರ್ ಬ್ರೋಡಿ ಮತ್ತು ಸಂಗಡಿಗರು ಈ ಬಗೆಯ ಜೋಡಣೆಯನ್ನು ಬೆಳಕು ಸೂಸುವ ಫಲಕಕ್ಕೆ ಅಳವಡಿಸಿ 1975ರಲ್ಲಿಯೇ ಪ್ರಕಟಿಸಿದ್ದರು. ಆದುದರಿಂದ ಈ ಮೂಲ ಜೋಡಣೆಗೆ ಇಂದು ಯಾರೂ ಪೇಟೆಂಟ್ ಕೋರುವಂತಿಲ್ಲ.

ಇಂದಿನ ಅರ್ಜಿಗಳಲ್ಲಿ ಬಹುಪಾಲು ಇದರ ಒಂದು ದೋಷವನ್ನು ಸರಿಪಡಿಸುವ ಉಪಾಯಗಳಿಗೆ ಸಂಬಂಧಿಸಿರುತ್ತವೆ. ಪ್ರತಿ ಟ್ರಾನ್ಸಿಸ್ಟರ್ ಒಂದು ನಿರ್ದಿಷ್ಟ ವೋಲ್ಟೇಜನ್ನು ದಾಟಿದ ಮೇಲೆಯೇ ಪ್ರವಾಹವನ್ನು ಹರಿಯಗೊಡುತ್ತದೆ. ಇದನ್ನು ಹೊಸ್ತಿಲು ವೋಲ್ಟೇಜ್ ಎನ್ನಬಹುದು. ತಯಾರಿಕೆಯ ವ್ಯತ್ಯಾಸದಿಂದಾಗಿ ಅಥವಾ ಬಳಕೆಯ ಸವೆತದಿಂದಾಗಿ ಒಂದೇ ಫಲಕದ ಎಲ್ಲ ಟ್ರಾನ್ಸಿಸ್ಟರ್‌ಗಳಲ್ಲಿ ಇದು ಸಮನಾಗಿರುವುದಿಲ್ಲ. ಚಾಲಕ ಟ್ರಾನ್ಸಿಸ್ಟರ್‌ನ ಪ್ರವಾಹವು, ನೀಡಿದ ವೋಲ್ಟೇಜಿನಲ್ಲಿ ಹೊಸ್ತಿಲು ವೋಲ್ಟೇಜನ್ನು ಕಳೆದು ಉಳಿಯುವ ಮೊತ್ತದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಉಳಿಯುವ ಮೊತ್ತ 1 ವೋಲ್ಟ್ ಇರಬೇಕಾದಲ್ಲಿ 0.9 ವೋಲ್ಟ್ ಆದರೆ, ಪ್ರವಾಹವು ಶೇ. 81ಕ್ಕೆ ಇಳಿಯುತ್ತದೆ. ವೋಲ್ಟಿನ ಹತ್ತನೇ ಒಂದು ಭಾಗದ ವ್ಯತ್ಯಾಸವೇ ಪರದೆಯ ಮೇಲೆ ಕಲೆಯಾಗಿ ಕಾಣುತ್ತದೆ.

ಅಂಗಡಿಯಲ್ಲಿ ಎಣ್ಣೆ ತೂಗುವ ಮುನ್ನ ಖಾಲಿ ಪಾತ್ರೆಯ ತೂಕವನ್ನು ನೋಡಿ ಕಳೆಯುವಂತೆ, ಪ್ರತಿ ಬಿಂದುವಿನ ಹೊಸ್ತಿಲು ವೋಲ್ಟೇಜನ್ನು ಮೊದಲೇ ಅಳೆದು ಕೆಪಾಸಿಟರ್‌ನಲ್ಲಿ ದಾಖಲಿಸಿ ಸರಿದೂಗಿಸುವುದೇ ಇಂತಹ ಮಂಡಲಗಳ ಕೆಲಸ. ಇದಕ್ಕಾಗಿ ಪ್ರತಿ ಬಿಂದುವಿಗೆ 6 ಅಥವಾ 7 ಟ್ರಾನ್ಸಿಸ್ಟರ್‌ಗಳನ್ನು ಬಳಸುವುದುಂಟು. 1920 x 1080 ಅಳತೆಯ ಪರದೆಯಲ್ಲಿ ಕೆಂಪು, ಹಸಿರು, ನೀಲಿ ಸೇರಿ 62,20,800 ಉಪಬಿಂದುಗಳಿದ್ದು, ತಲಾ 7ರಂತೆ ಸುಮಾರು 4 ಕೋಟಿ 35 ಲಕ್ಷ ಟ್ರಾನ್ಸಿಸ್ಟರ್‌ಗಳು ಬೇಕಾಗುತ್ತವೆ. ಒಂದು ಟ್ರಾನ್ಸಿಸ್ಟರ್ ಕಡಿಮೆ ಮಾಡುವ ಉಪಾಯಕ್ಕೂ ಬೆಲೆ ಇರುವುದು ಈ ಕಾರಣದಿಂದಲೇ.

3. ಅರ್ಜಿ ಸಲ್ಲಿಕೆ ಮತ್ತು ಪರೀಕ್ಷಣೆಯ ಕೋರಿಕೆ

ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಪರೀಕ್ಷಣೆ ತಾನಾಗಿ ಆರಂಭವಾಗುವುದಿಲ್ಲ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು. ಪೇಟೆಂಟ್ ಅಧಿನಿಯಮ, 1970ರ ಪ್ರಕರಣ 11ಬಿ ಅನ್ವಯ ನಮೂನೆ 18ರಲ್ಲಿ ಪ್ರತ್ಯೇಕ ಕೋರಿಕೆ ಸಲ್ಲಿಸಬೇಕು. 2024ರ ಮಾರ್ಚ್ 15ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಆ ದಿನದಿಂದೀಚೆಗೆ ಸಲ್ಲಿಸಿದ ಅರ್ಜಿಗಳಿಗೆ ಈ ಅವಧಿಯು ಆದ್ಯತಾ ದಿನಾಂಕದಿಂದ 31 ತಿಂಗಳು. ಅದಕ್ಕೂ ಮೊದಲು ಸಲ್ಲಿಸಿದವುಗಳಿಗೆ 48 ತಿಂಗಳು. ಅವಧಿಯೊಳಗೆ ಕೋರಿಕೆ ಬಾರದಿದ್ದಲ್ಲಿ ಅರ್ಜಿಯನ್ನು ಹಿಂಪಡೆಯಲಾಗಿದೆ ಎಂದು ಭಾವಿಸಲಾಗುತ್ತದೆ.

ಉದಾಹರಣೆಗೆ, 10 ಜೂನ್ 2024ರಂದು ತಾತ್ಕಾಲಿಕ ವಿವರಣಾ ಪತ್ರದೊಂದಿಗೆ ಅರ್ಜಿ ಸಲ್ಲಿಸಿದ್ದಲ್ಲಿ:

- ಪೂರ್ಣ ವಿವರಣಾ ಪತ್ರ ಸಲ್ಲಿಸಲು (12 ತಿಂಗಳು): 10 ಜೂನ್ 2025ರವರೆಗೆ
- ಅರ್ಜಿಯ ಪ್ರಕಟಣೆಗೆ ಮುನ್ನಿನ ಅವಧಿ (18 ತಿಂಗಳು) ಮುಗಿಯುವ ದಿನ: 10 ಡಿಸೆಂಬರ್ 2025
- ಪರೀಕ್ಷಣೆಗೆ ಕೋರಿಕೆ ಸಲ್ಲಿಸಲು (31 ತಿಂಗಳು): 10 ಜನವರಿ 2027ರವರೆಗೆ

ಅಂತರ್ಜಾಲದ ಮೂಲಕ ಸಲ್ಲಿಸುವಾಗ ವ್ಯಕ್ತಿಗಳು, ನವೋದ್ಯಮಗಳು, ಸಣ್ಣ ಘಟಕಗಳು ಹಾಗೂ ಶಿಕ್ಷಣ ಸಂಸ್ಥೆಗಳಿಗೆ ಅರ್ಜಿ ಶುಲ್ಕ ರೂ. 1,600 ಮತ್ತು ಪರೀಕ್ಷಣಾ ಶುಲ್ಕ ರೂ. 4,000. ಇತರರಿಗೆ ಕ್ರಮವಾಗಿ ರೂ. 8,000 ಮತ್ತು ರೂ. 20,000. ವಿವರಣಾ ಪತ್ರವು 30 ಪುಟಗಳನ್ನು ಅಥವಾ ಹಕ್ಕುಕೋರಿಕೆಗಳು 10ನ್ನು ಮೀರಿದಲ್ಲಿ ಹೆಚ್ಚುವರಿ ಶುಲ್ಕ ತಗಲುತ್ತದೆ. ನವೋದ್ಯಮಗಳು, ಸಣ್ಣ ಘಟಕಗಳು, ಮಹಿಳಾ ಅರ್ಜಿದಾರರು ಮುಂತಾದ ಕೆಲವು ವರ್ಗದವರು ನಮೂನೆ 18ಎ ಮೂಲಕ ಶೀಘ್ರ ಪರೀಕ್ಷಣೆಯನ್ನು ಕೋರಬಹುದಾಗಿದೆ.

4. ಪರೀಕ್ಷಕರು ಪರಿಶೀಲಿಸುವ ಅಂಶಗಳು

(ಅ) ನವೀನತೆ: ಜಗತ್ತಿನ ಯಾವುದೇ ಭಾಗದಲ್ಲಿ, ಯಾವುದೇ ಭಾಷೆಯಲ್ಲಿ ಮೊದಲೇ ಪ್ರಕಟವಾದ ವಿಷಯವು ನವೀನವೆನಿಸುವುದಿಲ್ಲ. ಪಿಕ್ಸೆಲ್ ಮಂಡಲಗಳ ಕುರಿತಾದ ದಾಖಲೆಗಳಲ್ಲಿ ಹೆಚ್ಚಿನವು ಜಪಾನಿ, ಕೊರಿಯನ್ ಹಾಗೂ ಚೀನೀ ಭಾಷೆಗಳಲ್ಲಿವೆ. ಅವುಗಳ ಯಂತ್ರಾನುವಾದವನ್ನೂ ಪರೀಕ್ಷಕರು ಉಲ್ಲೇಖಿಸಬಹುದು. ಈ ವಿಷಯವು ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಜಿ09ಜಿ 3/3233 ಎಂಬ ಸಂಕೇತದಡಿ ಬರುತ್ತದೆ. ಅರ್ಜಿದಾರರು ಸಹ ಇದೇ ಸಂಕೇತವನ್ನು ಬಳಸಿ, ಪೇಟೆಂಟ್ ಕಚೇರಿಯ ಇನ್‌ಪಾಸ್, ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ ಪೇಟೆಂಟ್‌ಸ್ಕೋಪ್ ಹಾಗೂ ಯುರೋಪಿನ ಎಸ್ಪಾಸೆನೆಟ್ ಜಾಲತಾಣಗಳಲ್ಲಿ ಉಚಿತವಾಗಿ ಹುಡುಕಬಹುದು.

(ಆ) ಆವಿಷ್ಕಾರಿಕ ಹೆಜ್ಜೆ: ಮಂಡಲವು ಹೊಸದಾಗಿದ್ದರೆ ಮಾತ್ರ ಸಾಲದು. ಆ ಕ್ಷೇತ್ರದ ಪರಿಣತನಿಗೆ ಸಹಜವಾಗಿ ಹೊಳೆಯುವಂತಹದ್ದೂ ಆಗಿರಬಾರದು. ಪಾತ್ರೆಗಳನ್ನು ಲೇತಿನಲ್ಲಿ ಹಿಡಿದಿಡುವ ಸಾಧನವೊಂದರ ಪೇಟೆಂಟ್ ಕುರಿತ ಬಿಶ್ವನಾಥ ಪ್ರಸಾದ್ ರಾಧೇಶ್ಯಾಂ ಪ್ರಕರಣದಲ್ಲಿ, ಕಾರ್ಯಾಗಾರದ ಮಟ್ಟದ ಸುಧಾರಣೆ ಮಾತ್ರವಾದುದು ಪೇಟೆಂಟಿಗೆ ಅರ್ಹವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ತೀರ್ಪು ನೀಡಿರುತ್ತದೆ. ಪಿಕ್ಸೆಲ್ ಮಂಡಲದಲ್ಲಿ ಪಿ-ಬಗೆಯ ಟ್ರಾನ್ಸಿಸ್ಟರ್ ಬದಲಿಗೆ ಎನ್-ಬಗೆಯದನ್ನು ಇರಿಸಿ ವೋಲ್ಟೇಜುಗಳನ್ನು ತಿರುಗುಮುರುಗು ಮಾಡುವುದು ಸಾಮಾನ್ಯವಾಗಿ ಇಂತಹ ಆಕ್ಷೇಪಣೆಗೆ ಗುರಿಯಾಗುತ್ತದೆ. ಅದೇ ಒಂದು ಸಂಕೇತ ತಂತಿಯನ್ನು ಎರಡು ಕೆಲಸಗಳಿಗೆ ಬಳಸಿ ಟ್ರಾನ್ಸಿಸ್ಟರ್ ಉಳಿಸಿದ್ದು, ಹಾಗೆ ಮಾಡಿದರೆ ಅಳತೆ ಕೆಡುತ್ತದೆಂಬ ತೊಡಕನ್ನೂ ಪರಿಹರಿಸಿದ್ದಲ್ಲಿ, ಅದನ್ನು ಸಮರ್ಥಿಸಲು ಅವಕಾಶವಿರುತ್ತದೆ. ಆದರೆ ಆ ತೊಡಕು ಮತ್ತು ಪರಿಹಾರ ಎರಡೂ ವಿವರಣಾ ಪತ್ರದಲ್ಲಿ ದಾಖಲಾಗಿರಬೇಕು.

(ಇ) ಪ್ರಕರಣ 3ರ ನಿರ್ಬಂಧಗಳು: ಪರಿಚಿತ ಸಾಧನಗಳು ಒಂದಕ್ಕೊಂದು ಸಂಬಂಧವಿಲ್ಲದೆ ತಮ್ಮ ಪಾಡಿಗೆ ಕೆಲಸ ಮಾಡುವ ಬರಿಯ ಜೋಡಣೆ [3(ಎಫ್)], ಗಣಿತ ವಿಧಾನ, ಆಲ್ಗಾರಿದಮ್ ಅಥವಾ ಕಂಪ್ಯೂಟರ್ ಪ್ರೋಗ್ರಾಂ ಮಾತ್ರ ಆಗಿರುವುದು [3(ಕೆ)] ಹಾಗೂ ಸಂಯೋಜಿತ ಮಂಡಲಗಳ ವಿನ್ಯಾಸ ನಕ್ಷೆ [3(ಓ)] ಪೇಟೆಂಟಿಗೆ ಅರ್ಹವಲ್ಲ. ಚಿಪ್ಪಿನ ಮೇಲೆ ಭಾಗಗಳನ್ನು ಹರಡಿದ ವಿನ್ಯಾಸಕ್ಕೆ ರಕ್ಷಣೆ ಬೇಕಾದವರು ಅರೆವಾಹಕ ಸಂಯೋಜಿತ ಮಂಡಲಗಳ ವಿನ್ಯಾಸ ಅಧಿನಿಯಮ, 2000ರಡಿ ಪ್ರತ್ಯೇಕವಾಗಿ ನೋಂದಾಯಿಸಬೇಕು. ಅದರ ಅವಧಿ 10 ವರ್ಷ. ಮಂಡಲದ ವಿದ್ಯುತ್ ಸಂಪರ್ಕ ಹಾಗೂ ಅದು ಕೆಲಸ ಮಾಡುವ ವಿಧಾನಕ್ಕೆ ಪೇಟೆಂಟ್ ಕೋರುವುದಕ್ಕೆ 3(ಓ) ಅಡ್ಡಿಯಾಗುವುದಿಲ್ಲ.

(ಈ) ವಿವರಣೆಯ ಪೂರ್ಣತೆ: ಪ್ರಕರಣ 10ರಂತೆ ಆವಿಷ್ಕಾರವನ್ನೂ ಅದನ್ನು ಕಾರ್ಯಗತಗೊಳಿಸುವ ಅರ್ಜಿದಾರರಿಗೆ ತಿಳಿದಿರುವ ಅತ್ಯುತ್ತಮ ವಿಧಾನವನ್ನೂ ಪೂರ್ಣವಾಗಿ ವಿವರಿಸತಕ್ಕದ್ದು. ಹಕ್ಕುಕೋರಿಕೆಗಳು ಸ್ಪಷ್ಟವಾಗಿದ್ದು, ವಿವರಣೆಯ ಆಧಾರವನ್ನು ಹೊಂದಿರಬೇಕು. "ಹೊಸ್ತಿಲು ವೋಲ್ಟೇಜಿನ ವ್ಯತ್ಯಾಸವನ್ನು ನಿವಾರಿಸುವ ಪಿಕ್ಸೆಲ್ ಮಂಡಲ" ಎಂಬ ಹಕ್ಕುಕೋರಿಕೆಯು ಫಲವನ್ನು ಹೇಳುತ್ತದೆಯೇ ಹೊರತು ಉಪಾಯವನ್ನು ಹೇಳುವುದಿಲ್ಲ. ಯಾವ ಟ್ರಾನ್ಸಿಸ್ಟರ್‌ನ ಯಾವ ತುದಿಯು ಎಲ್ಲಿಗೆ ಸೇರಿದೆ, ಕೆಪಾಸಿಟರ್ ಯಾವ ಎರಡು ಬಿಂದುಗಳ ನಡುವೆ ಇದೆ, ಪ್ರಾರಂಭ, ಅಳತೆ ಮತ್ತು ಬೆಳಕು ಸೂಸುವ ಹಂತಗಳಲ್ಲಿ ಯಾವ ಸಂಕೇತವು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ಬರೆಯಬೇಕು. ಮಂಡಲದ ನಕ್ಷೆಯ ಜೊತೆಗೆ ಸಂಕೇತಗಳ ಕಾಲನಕ್ಷೆಯನ್ನೂ ಲಗತ್ತಿಸುವುದು ಅತ್ಯವಶ್ಯ.

5. ಬರೆಯದೆ ಬಿಟ್ಟದ್ದರ ಪರಿಣಾಮ

ಕಾಲೇಜೊಂದರ ಸಂಶೋಧಕರು 5 ಟ್ರಾನ್ಸಿಸ್ಟರ್‌ಗಳ ಮಂಡಲವೊಂದನ್ನು ರೂಪಿಸಿ, ನಕ್ಷೆಯನ್ನು ಮಾತ್ರ ಲಗತ್ತಿಸಿ ಕಾಲನಕ್ಷೆಯಿಲ್ಲದೆ ಪೂರ್ಣ ವಿವರಣಾ ಪತ್ರ ಸಲ್ಲಿಸಿದರೆಂದು ಭಾವಿಸೋಣ. ಪ್ರಥಮ ಪರೀಕ್ಷಣಾ ವರದಿಯಲ್ಲಿ ಅದೇ ನಕ್ಷೆಗೆ ಹತ್ತಿರವಾದ ಹಳೆಯ ದಾಖಲೆಯೊಂದನ್ನು ಉಲ್ಲೇಖಿಸಲಾಗುತ್ತದೆ. ತಮ್ಮ ಆವಿಷ್ಕಾರವು ಸಂಕೇತಗಳ ಅನುಕ್ರಮದಲ್ಲಿದೆ ಎಂದು ಅವರು ಉತ್ತರಿಸುತ್ತಾರೆ. ಮಾತು ನಿಜವಿದ್ದರೂ ಅದು ವಿವರಣಾ ಪತ್ರದಲ್ಲಿಲ್ಲ. ಪ್ರಕರಣ 59ರ ಪ್ರಕಾರ ತಿದ್ದುಪಡಿಯ ಮೂಲಕ ಹೊಸ ವಿಷಯವನ್ನು ಸೇರಿಸುವಂತಿಲ್ಲ. ಹೊಸದಾಗಿ ಅರ್ಜಿ ಸಲ್ಲಿಸಿದರೆ ಹಳೆಯ ದಿನಾಂಕ ದೊರೆಯುವುದಿಲ್ಲ. ಅಷ್ಟರಲ್ಲಿ ಪ್ರಕಟವಾಗಿರುವ ಅವರದೇ ಮೊದಲ ಅರ್ಜಿಯು ಎರಡನೆಯದರ ವಿರುದ್ಧ ಪೂರ್ವ ದಾಖಲೆಯಾಗಿ ನಿಲ್ಲುತ್ತದೆ. ವರ್ಷಗಳ ಶ್ರಮಕ್ಕೆ ದೊರೆಯಬಹುದಾಗಿದ್ದ 20 ವರ್ಷಗಳ ಹಕ್ಕು ಒಂದು ಪುಟದ ಕೊರತೆಯಿಂದ ಕೈತಪ್ಪಬಹುದು.

ಇಂತಹ ಕೊರತೆಯು ಮೊದಲೇ ಗಮನಕ್ಕೆ ಬಂದಲ್ಲಿ ಪರಿಹಾರವಿದೆ. 18 ತಿಂಗಳ ಅವಧಿಗೆ 3 ತಿಂಗಳ ಮುಂಚೆ, ಅಂದರೆ 15 ತಿಂಗಳೊಳಗೆ, ಅರ್ಜಿಯನ್ನು ಹಿಂಪಡೆದರೆ ಅದು ಪ್ರಕಟವಾಗುವುದಿಲ್ಲ. ಬಳಿಕ ಪೂರ್ಣ ವಿವರಗಳೊಂದಿಗೆ ಹೊಸ ಅರ್ಜಿ ಸಲ್ಲಿಸಬಹುದು. ಆದರೆ ನಡುವೆ ಬೇರೆಯವರು ಅದನ್ನೇ ಪ್ರಕಟಿಸಿರುವ ಅಥವಾ ಅರ್ಜಿ ಸಲ್ಲಿಸಿರುವ ಅಪಾಯವು ಅರ್ಜಿದಾರರದೇ ಆಗಿರುತ್ತದೆ.

6. ಪ್ರಥಮ ಪರೀಕ್ಷಣಾ ವರದಿಗೆ ಉತ್ತರ

ವರದಿಯು ತಿರಸ್ಕಾರವಲ್ಲ, ಅದು ವಿವರಣೆ ಕೇಳುವ ಪತ್ರ. ವರದಿ ನೀಡಿದ ದಿನಾಂಕದಿಂದ 6 ತಿಂಗಳೊಳಗೆ ಎಲ್ಲ ಆಕ್ಷೇಪಣೆಗಳಿಗೂ ಉತ್ತರಿಸತಕ್ಕದ್ದು. ಅವಧಿ ಮುಗಿಯುವ ಮುನ್ನ ನಮೂನೆ 4ರಲ್ಲಿ ಶುಲ್ಕದೊಂದಿಗೆ ಕೋರಿದಲ್ಲಿ 3 ತಿಂಗಳವರೆಗೆ ವಿಸ್ತರಣೆಗೆ ಅವಕಾಶವಿದೆ. ಉತ್ತರಿಸದಿದ್ದಲ್ಲಿ ಪ್ರಕರಣ 21ರಂತೆ ಅರ್ಜಿಯನ್ನು ಕೈಬಿಡಲಾಗಿದೆ ಎಂದು ಪರಿಗಣಿಸಲಾಗುತ್ತದೆ. ಉತ್ತರದಲ್ಲಿ ಉಲ್ಲೇಖಿತ ದಾಖಲೆಯ ಮಂಡಲವನ್ನೂ ತಮ್ಮ ಮಂಡಲವನ್ನೂ ಹಂತ ಹಂತವಾಗಿ ಹೋಲಿಸಿ, ವ್ಯತ್ಯಾಸದಿಂದ ದೊರೆಯುವ ತಾಂತ್ರಿಕ ಪ್ರಯೋಜನವನ್ನು ತಿಳಿಸುವುದು ಸೂಕ್ತ. ಬಳಿಕವೂ ಆಕ್ಷೇಪಣೆ ಉಳಿದಲ್ಲಿ ವಿಚಾರಣೆಗೆ ಅವಕಾಶ ನೀಡಲಾಗುತ್ತದೆ. ಅರ್ಜಿಯು ನಿರಾಕೃತವಾದಲ್ಲಿ 3 ತಿಂಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಈ ಹಿಂದೆ ಮೇಲ್ಮನವಿ ಆಲಿಸುತ್ತಿದ್ದ ಬೌದ್ಧಿಕ ಸ್ವತ್ತು ಮೇಲ್ಮನವಿ ಮಂಡಳಿಯನ್ನು 2021ರಲ್ಲಿ ರದ್ದುಪಡಿಸಲಾಗಿದೆ.

7. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅರ್ಜಿಗೆ ಮೊದಲು ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಬಹುದೇ?
ಉತ್ತರ: ಮಂಡಿಸದಿರುವುದೇ ಕ್ಷೇಮ. ಸ್ವಂತ ಪ್ರಬಂಧವೂ ಪೂರ್ವ ದಾಖಲೆಯಾಗುತ್ತದೆ. ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧಕ್ಕೆ ಪ್ರಕರಣ 31ರಲ್ಲಿ 12 ತಿಂಗಳ ವಿನಾಯಿತಿ ಇದ್ದರೂ ಅದರ ವ್ಯಾಪ್ತಿ ಸೀಮಿತವಾಗಿದೆ.

ಪ್ರಶ್ನೆ: ತಾತ್ಕಾಲಿಕ ವಿವರಣಾ ಪತ್ರದಲ್ಲಿ ಸ್ವಲ್ಪವೇ ಬರೆದರೆ ಸಾಕೇ?
ಉತ್ತರ: ಸಾಲದು. ಅದರಲ್ಲಿ ಆಧಾರವಿರುವ ವಿಷಯಕ್ಕೆ ಮಾತ್ರ ಆ ದಿನಾಂಕದ ಆದ್ಯತೆ ದೊರೆಯುತ್ತದೆ.

ಪ್ರಶ್ನೆ: ವಿದೇಶದಲ್ಲಿಯೂ ಅರ್ಜಿ ಸಲ್ಲಿಸಬಹುದೇ?
ಉತ್ತರ: ಭಾರತದ ನಿವಾಸಿಗಳು ಮೊದಲು ಭಾರತದಲ್ಲಿ ಸಲ್ಲಿಸಿ 6 ವಾರ ಕಳೆದ ಮೇಲೆ, ಅಥವಾ ಪ್ರಕರಣ 39ರಡಿ ಪೂರ್ವಾನುಮತಿ ಪಡೆದು ಸಲ್ಲಿಸಬಹುದು.

8. ಅರ್ಜಿಗೆ ಮುನ್ನ ಖಚಿತಪಡಿಸಿಕೊಳ್ಳಬೇಕಾದ ಅಂಶಗಳು

- ಮಂಡಲದ ನಕ್ಷೆ ಮತ್ತು ಕಾಲನಕ್ಷೆ ಎರಡೂ ಇವೆಯೇ?
- ಪ್ರತಿ ಹಂತದಲ್ಲಿ ಯಾವ ಟ್ರಾನ್ಸಿಸ್ಟರ್ ತೆರೆದಿದೆ, ಯಾವುದು ಮುಚ್ಚಿದೆ ಎಂದು ಬರೆಯಲಾಗಿದೆಯೇ?
- ಪರ್ಯಾಯ ರೂಪಗಳನ್ನು, ಉದಾಹರಣೆಗೆ ಎನ್-ಬಗೆ ಮತ್ತು ಪಿ-ಬಗೆ, ವಿವರಿಸಲಾಗಿದೆಯೇ?
- ಹಿಂದಿನ ಮಂಡಲಗಳ ಕೊರತೆ ಮತ್ತು ತಮ್ಮ ಮಂಡಲದ ಪ್ರಯೋಜನವನ್ನು ತಿಳಿಸಲಾಗಿದೆಯೇ?
- ಪ್ರಬಂಧ, ಪ್ರದರ್ಶನ ಅಥವಾ ಮಾರಾಟ ಈಗಾಗಲೇ ನಡೆದಿಲ್ಲವಷ್ಟೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವನ್ನು ಮಾರ್ಗದರ್ಶನಕ್ಕಾಗಿ ಸಂಪರ್ಕಿಸಬಹುದಾಗಿದೆ.

ವಿ.ಸೂ.: ಮೇಲ್ಕಂಡ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಅಧಿನಿಯಮ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮ. ಶುಲ್ಕ ಪಾವತಿಸುವ ಮುನ್ನ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಪ್ರಚಲಿತ ದರಗಳನ್ನು ಪರಿಶೀಲಿಸಲು ಕೋರಲಾಗಿದೆ.